ಮೂರು ನಿಂಬೆಹಣ್ಣು

"ಗಾಡಿ ಇಲ್ಲೇ ಓಡಾಡಕ್ಕಾ ಅಣ್ಣಾ, ದೂರಕ್ಕಾ?" ಎಂದು ಚಿಂತಾಮಣಿಯ ಎಸ್‌ಟಿಡಿ ಬೂತಿನ ಪಕ್ಕದ ಟೈರ್ ಅಂಗಡಿಯ ಬೀರೇಶ್ ಕೇಳಿದಾಗ ಕದಿರಮ್ಮ ಗಂಡ ಪಿಳ್ಳಪ್ಪನ ಬಾಯನ್ನೇ ನೋಡಿದಳು. ಜೀಪಿನ ಹಿಂದೆ ಕಟ್ಟಿ ಎಳೆಯಲೆಂದು ಅವನು ಎರಡು ವರ್ಷ ವೆಲ್ಡಿಂಗ್ ಮಾಡಿದ್ದ ಗಾಡಿಮನೆ ಅದು. ಒಳಗೊಂದು ಮಂಚ, ಸ್ಟೌ, ಅವಳೇ ಹೊಲಿದ ಪರದೆ. ಅವಳು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಸಮುದ್ರಕ್ಕೆ ಅದರಲ್ಲೇ ಕರೆದೊಯ್ಯುತ್ತೇನೆ ಎಂದಿದ್ದ.

"ಇಲ್ಲೇ ಕಣಪ್ಪ, ಅಂಬಾಜಿದುರ್ಗದ ತಂಕ. ಮೇಲೆ ಹೊಸ ರಬ್ಬರ್ ಅಂಟ್ಸಿ ರೀಬಟನ್ ಮಾಡಿದ ಹಳೇ ಟೈರೇ ಸಾಕು," ಎಂದ ಪಿಳ್ಳಪ್ಪ, ಅವಳತ್ತ ತಿರುಗದೆ.

"ಹಂಗಾದ್ರೆ ಸರಿ. ದೂರ ಹೋದ್ರೆ ಮಾತ್ರ ಅವು ಭಾರ ತಡೆಯಲ್ಲ, ಹಿಂದಿನ ಗಾಡಿ ಓಲಾಡ್ತದೆ."

ಕದಿರಮ್ಮ ಸೆರಗಿನ ಗಂಟು ಬಿಚ್ಚಿ, ಹೊಸ ಚಕ್ರದಡಿ ಇಡಲೆಂದು ತಂದಿದ್ದ ನಿಂಬೆಹಣ್ಣುಗಳನ್ನು ಬೆಂಚಿನ ಮೇಲಿಟ್ಟಳು.

"ಹಳೇ ಟೈರಿಗೆ ಯಾಕಕ್ಕಾ ನಿಂಬೆಹಣ್ಣು?" ಎಂದು ಬೀರೇಶ್ ನಕ್ಕ.

ಪಿಳ್ಳಪ್ಪ ನಗಲಿಲ್ಲ. "ಚಕ್ರ ಎರಡೇ ಅಲ್ವೇನೇ? ಮೂರು ಯಾಕೆ ತಂದೆ?"

"ಇನ್ನೊಂದು ಸ್ಟೆಪ್ನಿಗೆ. ಸಮುದ್ರ ಬಲು ದೂರ ಅಂತ ನೀವೇ ಅಂದಿದ್ರಲ್ಲ."

ಪಿಳ್ಳಪ್ಪ ಮೂರನೆಯ ಹಣ್ಣನ್ನು ಕೈಗೆತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದ. ಆಮೇಲೆ, "ಬೀರೇಶಾ," ಎಂದ, "ಹೊಸಾವೇ ಕೊಡಪ್ಪ. ಮೂರು."