ಬಿಡುಗಡೆಯಾದವನ ವಿಳಾಸ

ಬೆಳಿಗ್ಗೆ ಎದ್ದು ನೋಡಿದರೆ ಎಲೆ ಮತ್ತೆ ಖಾಲಿ.

ಹಿಂದಿನ ಸಂಜೆ ಅಮ್ಮ ಹಿತ್ತಿಲ ಬಾವಿಕಟ್ಟೆಯ ಪಕ್ಕ ಇಟ್ಟ ಅಮಾವಾಸ್ಯೆಯ ಎಡೆ. ಅನ್ನದ ಒಂದು ಅಗುಳೂ ಉಳಿದಿರಲಿಲ್ಲ. ಬಂಗಡೆ ಮೀನಿನ ಮುಳ್ಳನ್ನು ಯಾರೋ ನೀಟಾಗಿ ಬಿಡಿಸಿ ಎಲೆಯ ಅಂಚಿಗೆ ಸರಿಸಿದ್ದರು. ಕಾಗೆ ಹಾಗೆ ತಿನ್ನುವುದಿಲ್ಲ, ಬೆಕ್ಕಂತೂ ಮುಳ್ಳನ್ನೂ ಬಿಡುವುದಿಲ್ಲ. ಜಯಂತಿ ಬಗ್ಗಿ ನೋಡಿದಳು. ಮರಳಿನಲ್ಲಿ ದೊಡ್ಡ ಹೆಜ್ಜೆಗಳು, ಬೇಲಿಯವರೆಗೂ. ಅಮ್ಮ ಏಳುವ ಮೊದಲೇ ಅವುಗಳನ್ನು ಗುಡಿಸಿಬಿಟ್ಟಳು.

ಕಾಯ್ಕಿಣಿಯ ಆ ಕೇರಿಯಲ್ಲಿ ಸತ್ತವರಿಗೆ ಎಡೆ ಇಟ್ಟರೆ ಬಾಗಿಲು ಹಾಕಿ ಒಳಗೆ ಕೂರಬೇಕು. ಯಾರೂ ಇಣುಕಬಾರದು. ಬೇರೆಯವರು ವರ್ಷಕ್ಕೊಮ್ಮೆ ಇಡುತ್ತಾರೆ, ಜಯಂತಿಯ ಅಮ್ಮ ದುರ್ಗಿ ತಿಂಗಳಿಗೊಮ್ಮೆ. ಗಂಡನೆಂದರೆ ಅಷ್ಟು ಜೀವ ಎಂದು ಕೇರಿಯೇ ಮೆಚ್ಚಿಕೊಂಡಿತ್ತು. ಎಲೆಯ ಪಕ್ಕ ಅವನಿಗಿಷ್ಟದ ಬೀಡಿಕಟ್ಟು, ಜೊತೆಗೊಂದು ಬೆಂಕಿಪೊಟ್ಟಣ. ಸತ್ತ ಮೇಲೂ ಕಡ್ಡಿ ಗೀರುವ ಕಷ್ಟ ತಪ್ಪುವುದಿಲ್ಲ ನೋಡಿ.

ಜಯಂತಿ ಮದುವೆಯಾಗಿ ಹೆಬಳೆಗೆ ಹೋದವಳು. ಅಮ್ಮ ಬಿದ್ದು ಕೈ ಮುರಿದುಕೊಂಡಳೆಂದು ಬಂದು ಎರಡು ತಿಂಗಳಾಗಿತ್ತು. ಕಳೆದ ಅಮಾವಾಸ್ಯೆಗೂ ಎಲೆ ಹೀಗೇ ಬರಿದಾಗಿತ್ತು. ಅದಕ್ಕೇ ಈ ಸಲ ತಡೆಯಲಾರದೆ ಕಿಟಕಿಯ ಸಂದಿಯಿಂದ ಇಣುಕಿದ್ದಳು. ಮಬ್ಬು ಬೆಳಕಿನಲ್ಲಿ ಬೇಲಿ ದಾಟುವ ಬಾಗಿದ ಬೆನ್ನು, ಬಿಳಿ ತಲೆ ಕಂಡಿತ್ತು, ಅಷ್ಟೆ. ಅವಳ ಎದೆಯಲ್ಲಿ ಎದ್ದು ಕೂತ ಹೆಸರು ಒಂದೇ: ಮಾದೇವ.

ಅವಳ ಅಪ್ಪ ದೇವಪ್ಪನಿಗೂ ಮಾದೇವನಿಗೂ ಬಾಯಿ ತೆರೆದರೆ ಜಗಳ. ಆದರೂ ಹೋಗುತ್ತಿದ್ದದ್ದು ಒಂದೇ ದೋಣಿಯಲ್ಲಿ, ಏಕೆಂದರೆ ದೋಣಿ ಇಬ್ಬರದೂ ಆಗಿತ್ತು. ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಮಾದೇವ ಒಬ್ಬನೇ ದಡಕ್ಕೆ ಬಂದ. ದೋಣಿಯ ಅಂಚಿಗೆ ದೇವಪ್ಪನ ರಕ್ತ ಮೆತ್ತಿತ್ತು. "ಹೊಡೆದಾಡಿದ್ದು ಹೌದು. 'ನಿನ್ನ ಸಂಸಾರ ಹಾಳು ಮಾಡ್ತೆ' ಹೇಳಿ ಅವನೇ ನೀರಿಗೆ ಹಾರಿ ಈಜ್ಕಂಡು ಹೋದ" ಎಂದ. ಕೇಳಿದವರು ಉಗಿದರು. ಹೆಣ ಸಿಗಲಿಲ್ಲ, ಸಾಕ್ಷಿ ಸಿಕ್ಕಿತು. "ನಿನ್ನ ಸಮುದ್ರಕ್ಕೆ ಹಾಕ್ತೆ" ಎಂದು ಮಾದೇವ ದಡದಲ್ಲಿ ಕೂಗಿದ್ದನ್ನು ಜಯಂತಿ ಕಿವಿಯಾರೆ ಕೇಳಿದ್ದಳು. ಕೋರ್ಟಿನಲ್ಲಿ ಅದನ್ನೇ ಹೇಳಿದಳು. ಮಾದೇವನಿಗೆ ಜೀವಾವಧಿ ಶಿಕ್ಷೆಯಾಯಿತು. ದೇವಪ್ಪನ ಹೆಸರಿನಲ್ಲಿ ಹುಲ್ಲಿನ ಬೊಂಬೆ ಸುಟ್ಟು ಸಂಸ್ಕಾರ ಮುಗಿಸಿದರು. ಪೊಲೀಸ್ ವ್ಯಾನು ಹತ್ತುವಾಗ ಮಾದೇವ ತಿರುಗಿ ಅವಳನ್ನು ನೋಡಿದ್ದ. ಆ ನೋಟ ಇವತ್ತಿಗೂ ಅವಳ ಕನಸಿಗೆ ಬರುತ್ತದೆ.

ಆ ಬೆಳಿಗ್ಗೆಯೇ ಅವಳು ಹೊನ್ನಾವರಕ್ಕೆ ಹೋದಳು. ಪಹಣಿ, ಆಧಾರ್, ರೈಲಿನ ಟಿಕೆಟ್ಟು ಎಲ್ಲವನ್ನೂ ಕಂಪ್ಯೂಟರಿನಿಂದ ತೆಗೆದುಕೊಡುವ ರಾಜೇಶನ ಅಂಗಡಿ ಅಲ್ಲಿದೆ.

"ಜೈಲಿಂದ ಬಿಟ್ಟವ್ರ ವಿವರ ಸಿಗ್ತದಾ?"

ರಾಜೇಶ ಕನ್ನಡಕ ಏರಿಸಿದ. "ಸಿಗ್ತದೆ ಅಕ್ಕಾ, ಹುಡುಕೂಕೆ ತಾಳ್ಮೆ ಬೇಕು. ಎಂತ, ಸಂಬಂಧದವ್ರಾ?"

"ಹೌದು" ಎಂದಳು. ಒಂದು ಲೆಕ್ಕದಲ್ಲಿ ಸುಳ್ಳೇನೂ ಅಲ್ಲ.

ಈ ಕರಾವಳಿಯಲ್ಲಿ ಮಾದೇವರಿಗೆ ಬರವಿಲ್ಲ. ತಂದೆಯ ಹೆಸರು, ಕೋರ್ಟು, ಕೇಸಿನ ವರ್ಷ ಎಲ್ಲ ಹಾಕಿ ಜರಡಿ ಹಿಡಿದ ಮೇಲೆ, ಅವಧಿಗೆ ಮೊದಲೇ ಬಿಡುಗಡೆಯಾದವರ ಸರ್ಕಾರಿ ಆದೇಶವೊಂದರಲ್ಲಿ ಅವನು ಸಿಕ್ಕಿದ. ಬಿಟ್ಟು ಮೂರು ತಿಂಗಳಾಗಿತ್ತು. ಉಳಿಯುವ ವಿಳಾಸ ಕುಮಟಾ ಪೇಟೆಯ ಅಂಚಿನಲ್ಲಿರುವ ಅವನ ತಂಗಿ ಗಂಗಿಯ ಮನೆ. ಜಯಂತಿ ಅದನ್ನು ಚೀಟಿಯಲ್ಲಿ ಬರೆದುಕೊಂಡಳು.

ಮನೆಗೆ ಬಂದು ಹೇಳಿದಾಗ, ಒಂಟಿ ಕೈಯಲ್ಲಿ ಸೀಗಡಿ ಬಿಡಿಸುತ್ತಿದ್ದ ದುರ್ಗಿ ಹಾವು ತುಳಿದವಳಂತೆ ಬೆಚ್ಚಿದಳು.

"ಬಿಟ್ರಾ? ಅಂವ ಇಲ್ಲಿಗೆ ಬರೂಕಾಗ ಜಯಂತಿ. ಈ ಹಿತ್ಲಿಗೆ ಅವನ ಕಣ್ಣು ಬಿದ್ರೆ ನಮ್ಮನಿ ಉಳೂದಿಲ್ಲ."

"ಪೊಲೀಸ್ರಿಗೆ ಹೇಳ್ತೆ."

"ಬ್ಯಾಡ!" ದುರ್ಗಿ ಕೂಗಿಯೇಬಿಟ್ಟಳು. "ಪೊಲೀಸ್ರು ಮಾತ್ರ ಈ ಮನಿಗೆ ಬರೂದು ಬ್ಯಾಡ. ನೀ ಸುಮ್ನಿರು, ಆತಾ?"

ಪಾಪ, ಕೋರ್ಟು ಕಚೇರಿಯ ಹೆದರಿಕೆ ಅಮ್ಮನಿಗೆ ಇನ್ನೂ ಹೋಗಿಲ್ಲ ಎಂದುಕೊಂಡಳು ಜಯಂತಿ. ಅಮ್ಮನ ಜೀವಕ್ಕೆ ಏನಾದರೂ ಆದರೆ? ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಮರುದಿನ ಯಾರಿಗೂ ಹೇಳದೆ ಕುಮಟಾ ಬಸ್ಸು ಹತ್ತಿದಳು. ಬೈಯುವುದೋ ಕಾಲಿಗೆ ಬೀಳುವುದೋ, ಹಳದೀಪುರ ದಾಟಿದರೂ ತೀರ್ಮಾನವಾಗಿರಲಿಲ್ಲ.

ಗಂಗಿ ಬಾಗಿಲು ತೆರೆದಳು. ಗುರುತು ಹಿಡಿದಳು. ಪಕ್ಕಕ್ಕೆ ಸರಿದಳು.

ಒಳಗೆ ಮಂಚದ ಮೇಲೆ ಮಾದೇವ ಎದೆಯವರೆಗೆ ಹೊದ್ದು ಮಲಗಿದ್ದ. ಅದೇ ಕಣ್ಣು. ಬಸ್ಸಿನಲ್ಲಿ ಉರು ಹೊಡೆದ ಮಾತೆಲ್ಲ ಜಯಂತಿಗೆ ಮರೆತುಹೋಯಿತು.

"ಸಾಕ್ಷಿ ಹೇಳಿದವ್ಳು ನಾನು ಮಾದೇವಣ್ಣ. ಎಂತ ಮಾಡೂದಿದ್ರೂ ನಂಗೇ ಮಾಡು. ಅಮ್ಮನ್ನ ಬಿಟ್ಬಿಡು. ಅಮಾಸೆಗೆ ಹಿತ್ಲಿಗೆ ಬಂದು ಅಪ್ಪನ ಎಡೆ ತಿನ್ಬೇಡ."

"ನಾನಾ?"

"ಸುಳ್ಳು ಹೇಳ್ಬೇಡ. ನಾ ಕಣ್ಣಾರೆ ಕಂಡಿದ್ದೆ. ಬಾಗಿದ ಬೆನ್ನು, ಹತ್ತಿಯಂಥ ಬಿಳಿ ತಲೆ, ಬೇಲಿ ದಾಟ್ಕಂಡು ಹೋದೆ."

ಗಂಗಿ ಮುಂದೆ ಬಂದು ಹೊದಿಕೆ ಸರಿಸಿದಳು. ಮೊಣಕಾಲಿನ ಕೆಳಗೆ ಹಾಸಿಗೆ ಮಾತ್ರ ಇತ್ತು.

"ಸಕ್ಕರೆ ಕಾಯಿಲೆ. ಜೈಲಲ್ಲಿದ್ದಾಗ್ಲೇ ಎರಡೂ ಕಾಲು ತೆಗೆದ್ರು" ಎಂದಳು. "ಅದಕ್ಕೇ ಬಿಟ್ಟದ್ದು."

ಮಾದೇವ ಸಿಟ್ಟಾಗಲಿಲ್ಲ. ಹಳೆಯ ನೆರೆಮನೆಯವನ ಯೋಗಕ್ಷೇಮ ವಿಚಾರಿಸುವಂತೆ, ಮೆಲ್ಲಗೆ ಅವಳ ಕಡೆ ತಿರುಗಿದ.

"ದೇವಪ್ಪಂಗೆ ಅಷ್ಟೆಲ್ಲ ತಲೆ ನರೆತೋಯ್ತಾ?"