ಒಂದು ಹಲ್ಲು ಮುಂದಕ್ಕೆ

ದಂತವೈದ್ಯ ಕಳ್ಳಹೆಜ್ಜೆ ಇಡುತ್ತ ಮಾವನ ಗ್ಯಾರೇಜಿಗೆ ನುಗ್ಗಿ ಬಾಗಿಲು ಸರಿಸಿಕೊಂಡ. ಮಾವ ಮಧ್ಯಾಹ್ನದ ನಿದ್ದೆಗೆ ಹೋಗಿ ಹತ್ತು ನಿಮಿಷವಾಗಿತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುವ ಸದ್ದು. ಅದು ನಿಲ್ಲುವುದರೊಳಗೆ ಕೆಲಸ ಮುಗಿಯಬೇಕು.

ಕೆಲಸವೇನೂ ದೊಡ್ಡದಲ್ಲ. ಮುಚ್ಚಳ ಬಿಚ್ಚಿಟ್ಟ ಇಂಜಿನ್ನಿನ ಚೈನು ಸಡಿಲಿಸಿದ. ಕ್ಯಾಮ್‌ಶಾಫ್ಟಿನ ಹಲ್ಲುಗಾಲಿಯನ್ನು ಹೊರಗೆಳೆದ. ಒಂದು ಹಲ್ಲು ಮುಂದಕ್ಕೆ ಸರಿಸಿ ಮತ್ತೆ ಕೂರಿಸಿದ. ಹದಿನೈದು ವರ್ಷದಿಂದ ಜನರ ಹಲ್ಲು ಸರಿಮಾಡಿಕೊಂಡು ಬಂದವನು ಮೊದಲ ಸಲ ಬೇಕೆಂದೇ ಒಂದನ್ನು ತಪ್ಪಿಸಿದ್ದ.

ಅದು ಬೆಳಿಗ್ಗೆಯಷ್ಟೇ ಮೂವರೂ ಸೇರಿ ಹೊಂದಿಸಿದ ಟೈಮಿಂಗ್. ಕೆಳಗಿನ ಕ್ರ್ಯಾಂಕು ಪಿಸ್ಟನ್‌ಗಳನ್ನು ಏರಿಸಿ ಇಳಿಸುತ್ತದೆ, ಮೇಲಿನ ಕ್ಯಾಮು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ, ನಡುವಿನ ಚೈನು ಇಬ್ಬರನ್ನೂ ಗಂಡಹೆಂಡಿರ ಹಾಗೆ ಕಟ್ಟಿಹಾಕಿರುತ್ತದೆ. ಗಾಲಿಯ ಮೇಲಿನ ಚುಕ್ಕೆ ಪಕ್ಕದ ಗೆರೆಗೆ ಸರಿಯಾಗಿ ಎದುರಾಗಬೇಕು. ಒಂದು ಹಲ್ಲು ತಪ್ಪಿದರೆ ಇಂಜಿನ್ ಕೆಮ್ಮಿ ಸುಮ್ಮನಾಗುತ್ತದೆ, ಬೇರೆ ನಷ್ಟವಿಲ್ಲ. ಎರಡು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಹನ್ನೊಂದು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅದಕ್ಕೇ ಅವನು ಎರಡೆರಡು ಸಲ ಎಣಿಸಿ ನೋಡಿದ. ಒಂದೇ.

ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿದ ವರ್ಷ ಮಾವ ಈ ಹಳೇ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಅತ್ತೆ ಅಂದೇ ಅದಕ್ಕೆ ಸವತಿ ಎಂದು ಹೆಸರಿಟ್ಟರು. "ಸ್ಟಾರ್ಟ್ ಆದ ದಿನವೇ ಮಾರಿಬಿಡ್ತೀನಿ ಕಣೇ" ಎಂದು ಮಾವ ಮಾತು ಕೊಟ್ಟರು. ಆಮೇಲೆ ಹನ್ನೊಂದು ವರ್ಷ ಅದು ಸ್ಟಾರ್ಟ್ ಆಗಲೇ ಇಲ್ಲ. ಈಗ ಅತ್ತೆಯೇ ಗಿರಾಕಿಯನ್ನು ಹುಡುಕಿದ್ದರು. ಹಳೇ ಗಾಡಿಗಳ ಹುಚ್ಚಿನ ಒಬ್ಬ ವಕೀಲರು ಮರುದಿನ, ಭಾನುವಾರ, ಹತ್ತಕ್ಕೆ ಬರುವವರಿದ್ದರು. ಓಡುವ ಗಾಡಿಯಾದರೆ ಮಾತ್ರ ಬೇಕು ಎಂಬುದು ಅವರ ಷರತ್ತು.

ಮಾವನ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಹಾಗಾಗಿ ಶನಿವಾರದ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಗಾಡಿಯ ಕೈಪಿಡಿ ಓದಬೇಕು, ಮಾವ ಬೆರಳಲ್ಲೇ ತಡವಿ ಜೋಡಿಸಬೇಕು, ಅಳಿಯ ಟಾರ್ಚ್ ಹಿಡಿದು ನೋಡಿ ಹೇಳಬೇಕು. ಟೈಮಿಂಗ್ ಇದ್ದದ್ದು ನಲವತ್ತೇಳನೆಯ ಪುಟದಲ್ಲಿ. ಅತ್ತೆ ಅದನ್ನು ಅಡುಗೆ ಪುಸ್ತಕದ ಧಾಟಿಯಲ್ಲಿ ಎಷ್ಟು ಸಲ ಓದಿದ್ದರೋ, ಓದಿ ಎಷ್ಟು ಸಲ ಆಕಳಿಸಿದ್ದರೋ.

ದಂತವೈದ್ಯನಿಗೆ ಆ ಶನಿವಾರಗಳೆಂದರೆ ಪ್ರಾಣ. ಉಳಿದ ದಿನಗಳಲ್ಲಿ ಅವನ ಮುಂದೆ ಬಾಯಿ ತೆರೆದವರು ಯಾರೂ ಮಾತಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಸ್ವಂತ ಅಪ್ಪನ ಪಕ್ಕದಲ್ಲಿ ಅವನು ಹೀಗೆ ಕೈ ಮಸಿ ಮಾಡಿಕೊಂಡು ಕೂತದ್ದೇ ಇಲ್ಲ. ಕಾರು ಹೋದರೆ ಶನಿವಾರವೂ ಹೋಯಿತು.

ನಾಲ್ಕು ಗಂಟೆಗೆ ಮಾವ ಎದ್ದು ಬಂದರು. "ಡಾಕ್ಟ್ರೇ, ಮುಚ್ಚಳ ನಾಳೆ ಹಾಕಿದರಾಯ್ತು. ನೀವು ಇವತ್ತು ಬೇಗ ಹೊರಡಿ, ಮಗಳು ಕಾಯ್ತಿರ್ತಾಳೆ."

ಏಳರವರೆಗೆ ಬಿಡದ ಮಾವ. ಆದರೆ ಅಳಿಯನಿಗೂ ಮುಖ ತಪ್ಪಿಸಿಕೊಂಡರೆ ಸಾಕಾಗಿತ್ತು. ಹೊರಟ.

ಭಾನುವಾರ ಅವನು ಬರುವಷ್ಟರಲ್ಲಿ ಮುಚ್ಚಳ ಕೂತಾಗಿತ್ತು. ಬೋಲ್ಟುಗಳು ಬಿಗಿಯಾಗಿದ್ದವು. ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿದ್ದವು. ಮಾವ ಬೆಳಿಗ್ಗೆಯೇ ಮುಗಿಸಿದ್ದಾರೆ ಎಂದುಕೊಂಡ. ಮಾವ ಮುಚ್ಚಳದ ಮೇಲೆ ಬೆರಳಾಡಿಸಿ, ಅಳಿಯನ ಕಡೆ ಒಮ್ಮೆ ತಿರುಗಿದರು. ಸಿಕ್ಕಿಬಿದ್ದೆ ಎಂದು ಅವನು ಸ್ಪ್ಯಾನರುಗಳ ಕಡೆ ಮುಖ ತಿರುಗಿಸಿದ.

ವಕೀಲರು ಹತ್ತಕ್ಕೆ ಸರಿಯಾಗಿ ಬಂದರು.

"ಹಳೇ ಗಾಡಿ ಸ್ವಾಮಿ. ಇವತ್ತೇ ಸ್ಟಾರ್ಟ್ ಆಗುತ್ತೆ ಅಂತೇನಿಲ್ಲ" ಎಂದರು ಮಾವ.

"ಆಗದೇ ಇರೋ ಸಾಧ್ಯತೆನೇ ಜಾಸ್ತಿ" ಎಂದ ಅಳಿಯ.

"ಕೀಲಿ ತಿರುಗಿಸ್ರೀ, ಗೊತ್ತಾಗುತ್ತೆ" ಎಂದರು ಅತ್ತೆ.

ಮಾವ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಹೊಲಿಗೆ ಯಂತ್ರದ ಹಾಗೆ ಹದವಾಗಿ ಓಡತೊಡಗಿತು. ವಕೀಲರ ಮುಖ ಅರಳಿತು. ಅರ್ಧ ಗಂಟೆಯಲ್ಲಿ ಅವರು ಕಾರನ್ನು ಗೇಟು ದಾಟಿಸಿಕೊಂಡು ಹೊರಟೂ ಹೋದರು.

ಖಾಲಿ ಗ್ಯಾರೇಜಿನ ನೆಲದ ಮೇಲೆ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ದಂತವೈದ್ಯನಿಗೆ ತಡೆಯಲಾಗಲಿಲ್ಲ.

"ಮಾವ, ತಪ್ಪಾಯ್ತು. ನಿನ್ನೆ ನೀವು ಮಲಗಿದ್ದಾಗ ಕ್ಯಾಮನ್ನ ಒಂದು ಹಲ್ಲು ತಪ್ಪಿಸಿದ್ದೆ. ನೀವು ಕಂಡುಹಿಡಿದು ಸರಿಮಾಡಿದ್ರಿ ಅಲ್ವಾ?"

ಮಾವ ಗೋಡೆಗೆ ಒರಗಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು. "ಸರಿಮಾಡೋದೆಲ್ಲಿ ಬಂತು ಡಾಕ್ಟ್ರೇ. ನಿಮ್ಮನ್ನ ಬೇಗ ಕಳಿಸಿ ನಾನೂ ಒಂದು ಹಲ್ಲು ಸರಿಸಿದ್ದೆ. ಗಾಡಿ ಹೋದ ಮೇಲೆ ನೀವು ಶನಿವಾರ ಬರೋದಾದ್ರೂ ಯಾಕೆ ಅಂತ."

ದಂತವೈದ್ಯನಿಗೂ ನಗು ಬಂತು. "ಹಾಗಾದ್ರೆ ನಾನು ಮುಂದಕ್ಕೆ, ನೀವು ಹಿಂದಕ್ಕೆ. ನಾವೇ ನಮ್ಮ ಕೈಯಾರೆ ಟೈಮಿಂಗ್ ಸರಿಮಾಡಿಬಿಟ್ವಿ."

ಮಾವನ ನಗು ನಿಂತಿತು.

"ಇಲ್ಲಪ್ಪ. ನಾನೂ ಮುಂದಕ್ಕೇ ಸರಿಸಿದ್ದು. ಬೆಳಿಗ್ಗೆ ನಾನು ಏಳೋದ್ರೊಳಗೆ ಬಂದು ಮುಚ್ಚಳ ಹಾಕಿದ್ದು ನೀವಲ್ವಾ?"

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಉಗುರು ಸಂದಿಯ ಮಸಿಯನ್ನು ನಿಂಬೆ ಹೋಳಿನಿಂದ ಉಜ್ಜಿಕೊಳ್ಳುತ್ತ, ನಲವತ್ತೇಳನೆಯ ಪುಟವನ್ನು ಬಾಯಿಪಾಠವಾಗಿ ಗುನುಗುತ್ತಿದ್ದರು.