ಮಣ್ಣಿನ ಹೇಳಿಕೆ

ಈಗ ಸಾಲ ಕೇಳುವವರು ಹೊಲದ ಒಂದು ಹಿಡಿ ಮಣ್ಣನ್ನೂ ಬ್ಯಾಂಕಿಗೆ ಒಯ್ಯಬೇಕು. ಬಟ್ಟಲಿಗೆ ಹಾಕಿ ಎರಡು ಚಮಚ ನೀರು ಬಿಟ್ಟರೆ ಮಣ್ಣು ಮಾತಾಡುತ್ತದೆ. ಅವ್ವ ಕಡಲೆ ಬೀಜಕ್ಕೆಂದು ತನ್ನ ಹೆಸರಿಗೆ ಸಾಲ ಕೇಳಿದ್ದಳು. ಪಹಣಿಯಲ್ಲಿರುವುದು ಫಕೀರಪ್ಪ ಕಾಕಾನ ಹೆಸರು; ಹೋದ ವರ್ಷ ಬೀಜದ ಸಾಲದಲ್ಲಿ ಅವನು ಬೈಕು ತಂದಿದ್ದ. ಮಣ್ಣಾದರೂ ನಿಜ ಹೇಳಲಿ ಎಂದು ನಾನೇ ಅವ್ವನನ್ನು ಹೊರಡಿಸಿದ್ದೆ. ಕಾಕಾನೂ ಬೆನ್ನು ಹತ್ತಿ ಬಂದ.

"ನಿನ್ನ ಒಡೆಯ ಯಾರು?" ಮ್ಯಾನೇಜರ್ ಸಾಹೇಬರು ಬಟ್ಟಲಿಗೆ ಬಾಗಿ ಕೇಳಿದರು.

"ಕಲ್ಲವ್ವ," ಎಂದಿತು ಮಣ್ಣು. ಅದು ಅವ್ವನ ಹೆಸರು.

ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ.

"ಮಣ್ಣಿಗೆ ತಿಳಿವಳಿಕಿ ಇಲ್ಲ ಯವ್ವಾ. ಮನ್ಯಾಗ ಸರಿಯಾಗಿ ಕಲಿಸಿ ತರಬೇಕು," ಎಂದು ಅವ್ವನನ್ನೇ ಗದರಿದರು.

ಏಳನೇ ಇಯತ್ತೆಯಲ್ಲಿ ನನ್ನನ್ನು ಶಾಲೆಯಿಂದ ಓಡಿಸಿದವರೂ ಹೀಗೇ ಅಂದಿದ್ದರು. ನನಗೆ ತಡೆಯಲಾಗಲಿಲ್ಲ.

"ಖರೇ ಹೇಳಿದ್ರ ತಿಳಿವಳಿಕಿ ಇಲ್ಲೇನ್ರೀ ಸಾಹೇಬ್ರ? ಹತ್ತು ವರ್ಷ ಬಿತ್ತಿದಾಕಿ, ಕಳೆ ತಗದಾಕಿ ಈಕಿ. ಕಾಕಾನ ಕೈಯಾಗ ಕೊಡ್ರಿ, ಅವನೇ ಕಲಿಸಲಿ!"

ಕಾಕಾ ಬಟ್ಟಲು ಹಿಡಿದು ಕೆಮ್ಮಿದ. "ಫಕೀರಪ್ಪ ಅನ್ನು, ನಮ್ಮವ್ವಾ."

ಮಣ್ಣು ಕೇಳಿತು, "ನೀ ಯಾರಪಾ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ಸಾಲದ ಕಾಗದವನ್ನು ಕಾಕಾನ ಕಡೆ ಸರಿಸಿದರು.

"ಮಣ್ಣು ಮಾತಾಡ್ತಲ್ಲ, ಸಾಕು. ಸಹಿ ಮಾಡ್ರಿ ಫಕೀರಪ್ಪನವರ."